ಲಂಡನ್ನಿನ ಒಲಿಂಪಿಕ್ ಈಜುಕೊಳ: ಚಾವಣಿ ನೋಡಬೇಕಾದರೆ ನೀರಿಗಿಳಿಯಿರಿ

ಮೊದಲ ಸಲ ಹೋದಾಗ ಬಾಗಿಲಿನಿಂದಲೇ ವಾಪಸ್ ಬಂದೆ. ಅವತ್ತು ಒಳಗೆ ಸ್ಪರ್ಧೆ ನಡೀತಿತ್ತು, ಸಾರ್ವಜನಿಕರಿಗೆ ಕೊಳ ಇರಲಿಲ್ಲ. ತಪ್ಪು ನನ್ನದೇ. ವೇಳಾಪಟ್ಟಿ ನೋಡದೆ ಹೊರಟಿದ್ದೆ. ನೀವು ಹಾಗೆ ಮಾಡಬೇಡಿ, ಆನ್‌ಲೈನ್‌ನಲ್ಲಿ ನೋಡಿ ಬುಕ್ ಮಾಡಿಯೇ ಹೋಗಿ.

ದಾರಿ ಸುಲಭ. ಸೆಂಟ್ರಲ್, ಜೂಬಿಲಿ, ಎಲಿಜಬೆತ್, ಯಾವ ರೈಲು ಲೈನ್ ಹಿಡಿದರೂ ಸ್ಟ್ರಾಟ್‌ಫರ್ಡ್‌ನಲ್ಲಿ ಇಳಿಯಬಹುದು. ದೊಡ್ಡ ಮಾಲ್ ದಾಟಿ ಒಲಿಂಪಿಕ್ ಪಾರ್ಕ್ ಕಡೆ ನಡೆದರೆ ಸೇತುವೆಯ ಪಕ್ಕದಲ್ಲೇ ಲಂಡನ್ ಅಕ್ವಾಟಿಕ್ಸ್ ಸೆಂಟರ್. ಅಲೆ ಎದ್ದು ಹಾಗೇ ನಿಂತುಬಿಟ್ಟಂಥ ಚಾವಣಿ. ವಿನ್ಯಾಸ ವಾಸ್ತುಶಿಲ್ಪಿ ಜಹಾ ಹದೀದ್ ಅವರದು. 2012ರ ಒಲಿಂಪಿಕ್ಸ್‌ನ ಫೋಟೋ ನೋಡಿದವರಿಗೆ ಗುರುತೇ ಸಿಗಲಿಕ್ಕಿಲ್ಲ. ಆಗ 17,500 ಜನ ಕೂರಲೆಂದು ಎರಡೂ ಪಕ್ಕಕ್ಕೆ ತಾತ್ಕಾಲಿಕ ಗ್ಯಾಲರಿ ಅಂಟಿಸಿದ್ದರು. ಕಟ್ಟಡಕ್ಕೆ ಎರಡು ಗೂನು ಬೆಳೆದಂತಿತ್ತು. ಅವನ್ನು ಕಿತ್ತು, ಗಾಜು ಹಾಕಿ, 2014ರಲ್ಲಿ ಎಲ್ಲರಿಗೂ ತೆರೆದರು. ನನ್ನ ಕೇಳಿದರೆ, ಕಟ್ಟಡ ನಿಜವಾಗಿ ಮುಗಿದದ್ದು ಆಗಲೇ.

ಹೊರಗಿನಿಂದ ಫೋಟೋ ತೆಗೆದು ಹೊರಟರೆ ಅರ್ಧವೂ ನೋಡಿದಂತಲ್ಲ. ಸುಮ್ನೆ ಟಿಕೆಟ್ ತಗೊಂಡು ನೀರಿಗಿಳಿಯಿರಿ. ಅಂಗಾತ ಮಲಗಿ ನಿಧಾನಕ್ಕೆ ಕೈ ಬೀಸಿ. ಚಾವಣಿಯ ಒಳಮೈಗೆಲ್ಲ ಕೆಂಪು ಛಾಯೆಯ ಮರದ ಪಟ್ಟಿಗಳು. ಉದ್ದಕ್ಕೆ ಹರಿದು, ನಡುವೆ ತಗ್ಗಿ, ಡೈವಿಂಗ್ ಕೊಳದ ಕಡೆ ಮತ್ತೆ ಏರುತ್ತವೆ. ದೊಡ್ಡ ದೋಣಿಯೊಂದನ್ನು ಕೆಳಗಿನಿಂದ ನೋಡಿದಂತೆ. 3,000 ಟನ್ನಿಗೂ ಜಾಸ್ತಿ ತೂಕದ ಈ ಚಾವಣಿಗೆ ಆಸರೆ ಮೂರೇ ಕಡೆ: ಒಂದು ತುದಿಗೆ ಎರಡು ಕಾಂಕ್ರೀಟ್ ಕಂಬ, ಇನ್ನೊಂದು ತುದಿಗೆ ಒಂದು ಗೋಡೆ. ನಡುವೆ ಒಂದೂ ಕಂಬ ಇಲ್ಲ. ನಾನು ಅದನ್ನೇ ನೋಡುತ್ತಾ ಹೋಗಿ ಗೋಡೆಗೆ ತಲೆ ಬಡಿದುಕೊಂಡೆ. ಜೋಪಾನ.

ಬುಕ್ ಮಾಡುವಾಗ ಇನ್ನೊಂದು ವಿಷಯ ನೋಡಿಕೊಳ್ಳಿ. ಕೊಳಕ್ಕೆ ಅಡ್ಡಲಾಗಿ ಸರಿಯುವ ತಡೆ ಇದೆ, ಅದನ್ನು ಹಾಕಿದರೆ 50 ಮೀಟರ್ ಕೊಳ ಎರಡು ತುಂಡಾಗುತ್ತದೆ. ಪೂರ್ತಿ 50 ಇರುವ ಹೊತ್ತನ್ನೇ ಆರಿಸಿ. ನಮ್ಮ ಕರ್ನಾಟಕದ ಗಗನ್ ಉಳ್ಳಾಲಮಠ 2012ರಲ್ಲಿ 1500 ಮೀಟರ್ ಫ್ರೀಸ್ಟೈಲ್ ಈಜಿದ್ದು ಇದೇ ಕೊಳದಲ್ಲಿ. ಅಂದರೆ ಈ ತುದಿಯಿಂದ ಆ ತುದಿಗೆ 30 ಸಲ! ನಾನು 6ಕ್ಕೇ ಸುಸ್ತಾಗಿ ಅಂಚು ಹಿಡಿದು ನಿಂತೆ.

ಹಾಗೆ ನಿಂತಾಗ ಡೈವಿಂಗ್ ವೇದಿಕೆಗಳನ್ನು ನೋಡಿ. ಕಾಂಕ್ರೀಟ್ ಅಂತ ನಂಬೋಕೆ ಆಗಲ್ಲ, ನೆಲದಿಂದ ನಾಲಿಗೆ ಚಾಚಿದಂತೆ ಬಾಗಿ ಮೇಲೆದ್ದಿವೆ. ಅತಿ ಎತ್ತರದ್ದು 10 ಮೀಟರ್. ಫೋಟೋ ಬೇಕಿದ್ದರೆ ಮೊದಲು ಸಿಬ್ಬಂದಿಯನ್ನು ಕೇಳಿ. ಬಟ್ಟೆ ಬಿಚ್ಚಿ ಈಜುವ ಜಾಗ, ಅಲ್ವಾ?

ಚಳಿಗಾಲದಲ್ಲಿ ಹೋದರೆ ತಲೆಗೊಂದು ಟೋಪಿ ಇರಲಿ. ಒದ್ದೆ ಕೂದಲಲ್ಲಿ ಆ ಸೇತುವೆ ದಾಟುವಾಗ ಬೀಸುವ ಗಾಳಿ ಕಿವಿ ಕಿತ್ತುಹೋಗುವಷ್ಟು ಜೋರು.