ಫಾರ್ಮ್ಯಾಟ್ ಹೊಡೆಯುವ ಮೊದಲು ಪಿನ್ ನೋಡಿ

ಜೂನ್ ಹಿಡಿಯಿತೆಂದರೆ ಮಂಗಳೂರು, ಉಡುಪಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಜಾತಿಯ ಪ್ರಶ್ನೆಗಳು ಬರತೊಡಗುತ್ತವೆ. ಫೋನ್ ಚಾರ್ಜ್ ಆಗುತ್ತಿಲ್ಲ, ನೀರಿನ ಹನಿಯ ಚಿಹ್ನೆ ತೋರಿಸುತ್ತದೆ. ಪಿಸಿ ಆನ್ ಆಗುತ್ತದೆ, ಡಿಸ್‌ಪ್ಲೇ ಇಲ್ಲ. ವೈಫೈ ಉಂಟು, ಲ್ಯಾನ್ ಕೇಬಲ್ ಹಾಕಿದರೆ ನೆಟ್ ಇಲ್ಲ. ಉತ್ತರಗಳೂ ಒಂದೇ ಜಾತಿಯವು: ‘ಫ್ಯಾಕ್ಟರಿ ರಿಸೆಟ್ ಮಾಡಿ’, ‘ವಿಂಡೋಸ್ ಹೊಸತಾಗಿ ಹಾಕಿ’, ‘ಅಪ್‌ಡೇಟ್‌ನ ತೊಂದರೆ ಇರಬೇಕು’.

ಈ ಉತ್ತರಗಳು ಸುಳ್ಳಲ್ಲ. ಆದರೆ ಹೆಚ್ಚಿನವು ಒಣ ಊರಿನಲ್ಲಿ ಕೂತವರು ಬರೆದದ್ದನ್ನು ನೋಡಿ ಹೇಳಿದವು. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ ಬೀಳುವ, ಜುಲೈಯಲ್ಲಿ ಗಾಳಿಯ ತೇವಾಂಶ ಶೇ 85–90ರಲ್ಲೇ ನಿಲ್ಲುವ, ಮೇಲಿಂದ ಕಡಲ ಉಪ್ಪನ್ನೂ ಹೊತ್ತು ತರುವ ಕರಾವಳಿಯಲ್ಲಿ ಮೊದಲ ಅನುಮಾನ ಸಾಫ್ಟ್‌ವೇರ್ ಮೇಲೆ ಬೀಳಬಾರದು. ಲೋಹಕ್ಕೆ ಲೋಹ ತಾಗುವ ಜಾಗಗಳ ಮೇಲೆ ಬೀಳಬೇಕು: ಚಾರ್ಜಿಂಗ್ ಪೋರ್ಟ್, ರ‍್ಯಾಮ್ ಸ್ಲಾಟ್, ಸಾಟಾ ಕೇಬಲ್ (ಹಾರ್ಡ್‌ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ವಯರ್), ಲ್ಯಾನ್ ಜ್ಯಾಕ್, ಅಡಾಪ್ಟರ್ ಪಿನ್.

ಹನಿಯ ಚಿಹ್ನೆ

ಟೈಪ್-ಸಿ ಪೋರ್ಟಿನ ಒಳಗೆ ನಾಲಿಗೆಯಂಥ ಒಂದು ತೆಳು ಪಟ್ಟಿ ಉಂಟು, ಅದರ ಎರಡೂ ಬದಿ ಸೇರಿ 24 ಪಿನ್. ಪಿನ್‌ಗಳ ನಡುವೆ ವಿದ್ಯುತ್ ಸೋರುತ್ತಿದೆಯೇ ಎಂದು ಫೋನ್ ಅಳೆಯುತ್ತದೆ. ಸೋರಿದರೆ ನೀರು ಎಂದು ತಿಳಿದು ಚಾರ್ಜಿಂಗ್ ನಿಲ್ಲಿಸುತ್ತದೆ. ಇದು ಒಳ್ಳೆಯದಕ್ಕೇ. ಒದ್ದೆ ಪಿನ್ನಿನಲ್ಲಿ ಕರೆಂಟ್ ಹರಿದರೆ ಮೇಲಿನ ಲೇಪನ ಕಿತ್ತುಹೋಗಿ ಪಿನ್ ಕಪ್ಪಾಗುತ್ತದೆ, ಆಮೇಲೆ ಒಣಗಿಸಿ ಪ್ರಯೋಜನವಿಲ್ಲ.

ಎಚ್ಚರಿಕೆ ಬಂದ ಕೂಡಲೇ ಕೇಬಲ್ ಕೀಳಿ. ಪೋರ್ಟ್ ಕೆಳಮುಖವಾಗಿ ಹಿಡಿದು ಅಂಗೈಗೆ ಮೆತ್ತಗೆ ನಾಲ್ಕಾರು ಸಲ ತಟ್ಟಿ, ಫ್ಯಾನಿನ ಗಾಳಿ ಸಿಗುವಲ್ಲಿ ಇಡಿ. ಅರ್ಧ ಗಂಟೆ ಬಿಟ್ಟು ನೋಡಿ. ಮಳೆಗಾಲದಲ್ಲಿ ಪೂರ್ತಿ ಒಂದು ದಿನವೂ ಬೇಕಾಗಬಹುದು. ಹೇರ್ ಡ್ರೈಯರ್ ಬೇಡ, ಬಾಯಿಂದ ಊದುವುದಂತೂ ಬೇಡವೇ ಬೇಡ, ಉಸಿರಿನಲ್ಲಿ ಇರುವುದೂ ನೀರೇ. ಅಕ್ಕಿ ಡಬ್ಬದಲ್ಲಿ ಹೂತಿಡುವ ಉಪಾಯವನ್ನು ಈಗ ಫೋನ್ ತಯಾರಕರೇ ಬೇಡವೆನ್ನುತ್ತಾರೆ. ಕುಚ್ಚಲಕ್ಕಿಯಾಗಲಿ ಬೆಳ್ತಿಗೆಯಾಗಲಿ, ಅದರ ಹುಡಿ ಪೋರ್ಟಿನೊಳಗೆ ಕೂತು ಇನ್ನೊಂದು ರಗಳೆ ತರುತ್ತದೆ. ಬ್ಯಾಟರಿ ತೀರಾ ಕೆಳಗಿದ್ದು ಫೋನಿಗೆ ವಯರ್‌ಲೆಸ್ ಚಾರ್ಜಿಂಗ್ ಇದ್ದರೆ ಹಿಂಬದಿ ಒರೆಸಿ ಅದನ್ನು ಬಳಸಬಹುದು.

ಒಂದು ದಿನ ಒಣಗಿಸಿಯೂ ಹನಿ ಹೋಗದಿದ್ದರೆ ಅದು ನೀರಲ್ಲ, ನೀರು ಬಿಟ್ಟುಹೋದ ಉಪ್ಪು. ಉಪ್ಪಿಗೆ ಗಾಳಿಯ ತೇವ ಎಳೆದುಕೊಳ್ಳುವ ಗುಣವಿದೆ. ಹಾಗಾಗಿ ಮಧ್ಯಾಹ್ನ ಸರಿಯಿದ್ದು ರಾತ್ರಿ ಪುನಃ ಹನಿ ತೋರಿಸುತ್ತದೆ. ಮೊದಲು ಕೇಬಲ್ ಬದಲಿಸಿ ನೋಡಿ, ಕೇಬಲ್ ತುದಿಯಲ್ಲೂ ಅದೇ ಉಪ್ಪು ಇರಬಹುದು. ಆಮೇಲೆ ಟಾರ್ಚ್ ಬಿಟ್ಟು ಪೋರ್ಟಿನ ಒಳಗೆ ನೋಡಿ. ಜೇಬಿನ ನೂಲು ಒತ್ತಿಕೊಂಡು ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಅದು ಒದ್ದೆಯನ್ನು ಹಿಡಿದಿಡುತ್ತದೆ. ಫೋನ್ ಸ್ವಿಚ್ ಆಫ್ ಮಾಡಿ, ಮರದ ಟೂತ್‌ಪಿಕ್ಕನ್ನು ಬ್ಲೇಡಿನಲ್ಲಿ ಚಪ್ಪಟೆಯಾಗಿ ಕೆತ್ತಿ, ನಡುವಿನ ನಾಲಿಗೆಗೆ ಒತ್ತಡ ಬೀಳದಂತೆ ಗೋಡೆಯ ಬದಿಯಿಂದ ಕೆದಕಿ ತೆಗೆಯಿರಿ. ಸೇಫ್ಟಿ ಪಿನ್, ಸೂಜಿ ಮುಟ್ಟಬೇಡಿ.

ಉಪ್ಪನ್ನು ಬ್ರಷ್ಷಿನಲ್ಲಿ ಉಜ್ಜಿ ತೆಗೆಯಲು ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕು, ರಿಪೇರಿಯವರು ಐಪಿಎ ಎನ್ನುವುದು ಇದನ್ನೇ. ಶೇ 99ರದ್ದೇ ಆಗಬೇಕು. ಮೆಡಿಕಲ್ ಅಂಗಡಿಯ ಶೇ 70ರದ್ದರಲ್ಲಿ ಉಳಿದ ಭಾಗ ನೀರು. ಮೊಬೈಲ್ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಮೆತ್ತಗಿನ ಸಣ್ಣ ಬ್ರಷ್ಷನ್ನು ಅದರಲ್ಲಿ ಅದ್ದಿ, ಕೊಡವಿ, ನಾಲಿಗೆಯ ಎರಡೂ ಬದಿ ಉಜ್ಜಿ. 15 ನಿಮಿಷ ಬಿಟ್ಟು ಆನ್ ಮಾಡಿ. ಸ್ಯಾಮ್‌ಸಂಗ್ ಫೋನುಗಳಲ್ಲಿ ಪೋರ್ಟ್ ಒಣಗಿದ ಮೇಲೂ ಹಳೆಯ ಎಚ್ಚರಿಕೆ ಅಂಟಿಕೊಂಡಿರುವುದುಂಟು. ಸೆಟ್ಟಿಂಗ್ಸ್, ಆ್ಯಪ್ಸ್, ಸಿಸ್ಟಮ್ ಆ್ಯಪ್ ತೋರಿಸುವ ಆಯ್ಕೆ, ಯುಎಸ್‌ಬಿ ಸೆಟ್ಟಿಂಗ್ಸ್, ಸ್ಟೋರೇಜ್, ಕ್ಲಿಯರ್ ಕ್ಯಾಶ್ – ಇಷ್ಟು ಮಾಡಿ ರೀಸ್ಟಾರ್ಟ್ ಮಾಡಿದರೆ ಹೋಗುತ್ತದೆ. ಇದಕ್ಕೂ ಬಗ್ಗದಿದ್ದರೆ ಪೋರ್ಟ್ ಬದಲಿಸಬೇಕು. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಪೋರ್ಟ್ ಇರುವುದು ಕೆಳಗಿನ ಸಣ್ಣ ಸಬ್-ಬೋರ್ಡಿನಲ್ಲಿ, ಮದರ್‌ಬೋರ್ಡಿನಲ್ಲಲ್ಲ. ‘ಬೋರ್ಡ್ ಹೋಗಿದೆ’ ಎಂದು ಅಂಗಡಿಯಲ್ಲಿ ಹೇಳಿದರೆ ಯಾವ ಬೋರ್ಡ್ ಎಂದು ಕೇಳಿ, ಮಾರಾಯ್ರೆ.

ಮಲ್ಪೆಯಲ್ಲೋ ಪಣಂಬೂರಿನಲ್ಲೋ ಸಮುದ್ರಕ್ಕೆ ಬಿದ್ದ ಫೋನಿನ ಲೆಕ್ಕ ಬೇರೆ. ನೀರು, ಧೂಳು ತಡೆಯುತ್ತದೆಂಬ ಐಪಿ68 ಗುರುತು ಸಿಹಿನೀರಿನಲ್ಲಿ ಮಾಡಿದ ಪರೀಕ್ಷೆಯದ್ದು. ಅಂಥ ಫೋನಾದರೆ ಆಫ್ ಮಾಡಿ, ಸಿಮ್ ಟ್ರೇ ಮುಚ್ಚಿಯೇ ಇಟ್ಟು ಸಿಹಿನೀರಿನಲ್ಲಿ ತೊಳೆದು ಒರೆಸಿ. ಆ ಗುರುತಿಲ್ಲದ ಫೋನಾದರೆ ಆಫ್ ಮಾಡಿದ್ದನ್ನು ಪುನಃ ಆನ್ ಮಾಡಿ ‘ಸರಿ ಇದೆಯಾ’ ಎಂದು ನೋಡಬೇಡಿ, ಚಾರ್ಜಿಗೆ ಹಾಕಬೇಡಿ, ಅದೇ ದಿನ ಬಿಚ್ಚಿ ಐಪಿಎಯಲ್ಲಿ ತೊಳೆಯುವವರ ಬಳಿ ಕೊಡಿ.

ಚಾರ್ಜಿಗೆ ಹಾಕಿದಾಗ ಮಾತ್ರ ಟಚ್ ತನ್ನಷ್ಟಕ್ಕೇ ಒತ್ತಿಕೊಳ್ಳುತ್ತಿದ್ದರೆ ಸ್ಕ್ರೀನ್ ಬದಲಿಸಲು ಓಡಬೇಡಿ. ಅಗ್ಗದ ಚಾರ್ಜರಿನಿಂದ ಬರುವ ವಿದ್ಯುತ್ ಗದ್ದಲ ಅದು. ಒಳ್ಳೆಯ ಚಾರ್ಜರ್ ಹಾಕಿದರೆ ನಿಲ್ಲುತ್ತದೆ.

ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಇಲ್ಲ

ರಜೆ ಮುಗಿಸಿ ಬಂದು ಆನ್ ಮಾಡಿದ ಡೆಸ್ಕ್‌ಟಾಪಿನಲ್ಲಿ ಇದು ಸಾಮಾನ್ಯ. ಕಾರಣ ಹೆಚ್ಚಾಗಿ ರ‍್ಯಾಮ್. ಅದರ ಅಂಚಿನ ಚಿನ್ನದ ಲೇಪನ ಬಹಳ ತೆಳು. ತೇವಕ್ಕೆ ಮೇಲೆ ಪದರ ಕೂತು ಸಂಪರ್ಕ ಬಿಡುತ್ತದೆ. ಪವರ್ ವಯರ್ ಕಿತ್ತು, ಪವರ್ ಬಟನ್ನನ್ನು 15 ಸೆಕೆಂಡ್ ಒತ್ತಿ ಹಿಡಿದು ಉಳಿದ ಚಾರ್ಜ್ ಇಳಿಸಿ. ಬಣ್ಣ ಬಳಿಯದ ಕಬ್ಬಿಣದ ಭಾಗ ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದುಕೊಳ್ಳಿ. ಸ್ಟಿಕ್ ತೆಗೆದು ಪಿನ್ ಸಾಲನ್ನು ಐಪಿಎ ಹಾಕಿದ ಬಟ್ಟೆಯಲ್ಲಿ ಒರೆಸಿ. ರಬ್ಬರಿನಲ್ಲಿ ಉಜ್ಜುವ ಹಳೆಯ ಪದ್ಧತಿ ಕೆಲಸ ಮಾಡುತ್ತದೆ, ಆದರೆ ಪ್ರತಿ ಸಲವೂ ಲೇಪನವನ್ನು ಸ್ವಲ್ಪ ಸವೆಸುತ್ತದೆ. ಹಾಗೆ ಉಜ್ಜುವುದಿದ್ದರೆ ಪೆನ್ಸಿಲಿನ ಮೆತ್ತಗಿನ ಬಿಳಿ ರಬ್ಬರ್ ಸಾಕು, ಹುಡಿ ಸ್ಲಾಟಿಗೆ ಬೀಳದಂತೆ ಬೋರ್ಡಿನಿಂದ ದೂರ ನಿಂತು ಉಜ್ಜಿ. ಎರಡು ಸ್ಟಿಕ್ ಇದ್ದರೆ ಒಂದನ್ನೇ ಹಾಕಿ, ಸ್ಲಾಟ್ ಬದಲಿಸಿ ನೋಡಿ. ಕೆಟ್ಟದ್ದು ಸ್ಟಿಕ್ಕೋ ಸ್ಲಾಟೋ ಅಲ್ಲೇ ಗೊತ್ತಾಗುತ್ತದೆ. ‘ಟಕ್’ ಎಂದು ಕ್ಲಿಪ್ ಕೂರುವವರೆಗೆ ಒತ್ತಬೇಕು. ಪುನಃ ಡಿಸ್‌ಪ್ಲೇ ಬಾರದಿರುವುದಕ್ಕೆ ಅರ್ಧ ಕೂತ ರ‍್ಯಾಮ್ ಕೂಡ ಕಾರಣವಾಗುತ್ತದೆ.

ಪಿಸಿ ಬಂತು, ಆದರೆ ಬ್ಯಾಂಕಿನ ಸೈಟ್ ತೆರೆದರೆ ‘ನಿಮ್ಮ ಸಂಪರ್ಕ ಖಾಸಗಿಯಲ್ಲ’ ಎನ್ನುತ್ತದೆಯೇ? ವೈರಸ್ ಎಂದು ಗಾಬರಿಯಾಗುವ ಮೊದಲು ಮೂಲೆಯ ತಾರೀಕು ನೋಡಿ. ಮದರ್‌ಬೋರ್ಡಿನ ಸಿಆರ್2032 ಬಟನ್ ಸೆಲ್ ಮುಗಿದರೆ ಕರೆಂಟ್ ಹೋದಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಆಗ ಸೈಟುಗಳ ಸರ್ಟಿಫಿಕೇಟ್ ಹೊಂದುವುದಿಲ್ಲ. ಹೊಸ ಸೆಲ್ 3 ವೋಲ್ಟ್ ತೋರಿಸಬೇಕು. ಮೀಟರಿನಲ್ಲಿ 2.7ಕ್ಕಿಂತ ಕೆಳಗಿದ್ದರೆ ಬದಲಿಸಿಬಿಡಿ.

ಹಾರ್ಡ್‌ಡಿಸ್ಕ್ ನಡುನಡುವೆ ಕಾಣೆಯಾಗುವುದು, ಕಾಪಿ ಮಾಡುವಾಗ ನಿಲ್ಲುವುದು – ಇದಕ್ಕೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಮೂರು ಸಾಲು ನೋಡಿದರೆ ಸಾಕು. 05 ಮತ್ತು ಸಿ5 ಎಂಬ ಐಡಿಯ ಸಾಲುಗಳಲ್ಲಿ (ಡಿಸ್ಕಿನ ಕೆಟ್ಟ ಜಾಗಗಳ ಲೆಕ್ಕ) ಅಂಕಿ ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ, ಮೊದಲು ಬ್ಯಾಕಪ್ ತೆಗೆಯಿರಿ. ಚೆಕ್‌ಡಿಸ್ಕ್ ಓಡಿಸುವುದು ಆಮೇಲೆ, ಯಾಕೆಂದರೆ ಅದು ಸಾಯುವ ಡಿಸ್ಕನ್ನು ಇನ್ನಷ್ಟು ದುಡಿಸುತ್ತದೆ. ಸಿ7 (ಡೇಟಾ ಸಾಗುವಾಗ ಆದ ತಪ್ಪುಗಳ ಲೆಕ್ಕ) ಮಾತ್ರ ಏರುತ್ತಿದ್ದರೆ ಡಿಸ್ಕಿಗೆ ಏನೂ ಆಗಿಲ್ಲ, ತೊಂದರೆ ಹೆಚ್ಚಾಗಿ ಸಾಟಾ ಕೇಬಲಿನದು. ಕಡಲ ಬದಿಯ ಮನೆಗಳಲ್ಲಿ ಈ ಸಿ7ನ್ನು ನೋಡದೆ ಹೊಸ ಡಿಸ್ಕ್ ತರುವವರಿದ್ದಾರೆ. ಕೇಬಲ್ ಬದಲಿಸಿದ ಮೇಲೂ ಆ ಅಂಕಿ ಸೊನ್ನೆಗೆ ಇಳಿಯುವುದಿಲ್ಲ. ಏರುವುದು ನಿಂತರೆ ಸರಿಯಾಯಿತೆಂದು ಲೆಕ್ಕ.

ಸಿಡಿಲು ಮತ್ತು ರೌಟರ್

ನಮ್ಮಲ್ಲಿ ಸಿಡಿಲಿನ ಅಬ್ಬರ ಇರುವುದು ಆಟಿ ತಿಂಗಳ (ಜುಲೈ–ಆಗಸ್ಟ್) ಜಡಿಮಳೆಯಲ್ಲಲ್ಲ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್ ಸಂಜೆಗಳಲ್ಲಿ. ಏಪ್ರಿಲ್ ಹೊತ್ತಿಗೆ ಮುರಕಲ್ಲಿನ ನೆಲ ಪೂರ್ತಿ ಒಣಗಿ, ಅರ್ಥಿಂಗ್ ಇದ್ದೂ ಇಲ್ಲದಂತಿರುತ್ತದೆ. ಪಿಸಿಯ ಕ್ಯಾಬಿನೆಟ್ ಮುಟ್ಟಿದರೆ ಜುಂ ಎನ್ನುತ್ತಿದ್ದರೆ ಅರ್ಥಿಂಗ್ ಇಲ್ಲವೆಂದೇ ತಿಳಿಯಿರಿ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವ ರೂಢಿ ಬಿಡಬಾರದು. ಅಷ್ಟಕ್ಕೂ ಸರಿಹೋಗದಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್ ಬಂದು ಅಳೆಯಲಿ. ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಹಾಕಿದ ಸರ್ಜ್ ಪ್ರೊಟೆಕ್ಟರ್ ಅರ್ಧ ಕೆಲಸವನ್ನೂ ಮಾಡುವುದಿಲ್ಲ.

ಗುಡುಗು ಕೇಳಿದ ಕೂಡಲೇ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು. ‘ಫೈಬರ್ ಅಲ್ವಾ, ಏನಾಗ್ತದೆ’ ಎನ್ನುವವರು ಅಡಾಪ್ಟರನ್ನೂ ಲ್ಯಾನ್ ಕೇಬಲನ್ನೂ ಮರೆತಿರುತ್ತಾರೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಸರಿ. ಆದರೆ ಮನೆಯಿಂದ ಅಂಗಡಿಗೆ, ತೋಟದ ಸಿಸಿ ಕ್ಯಾಮೆರಾಕ್ಕೆ ಹೊರಗಿನಿಂದ ಎಳೆದ ಲ್ಯಾನ್ ಕೇಬಲ್ ತಾಮ್ರದ್ದು. ಸಿಡಿಲಿನ ಮರುದಿನ ವೈಫೈ ಇದ್ದು ಲ್ಯಾನ್ ಮಾತ್ರ ಸತ್ತಿದ್ದರೆ ಆ ಪೋರ್ಟ್ ಸುಟ್ಟಿದೆ. ಉಳಿದ ಪೋರ್ಟುಗಳಲ್ಲಿ ಒಂದೊಂದಾಗಿ ಹಾಕಿ ನೋಡಿ. ಪಿಸಿಯ ಕಡೆ ಸುಟ್ಟಿದ್ದರೆ ಬೋರ್ಡ್ ರಿಪೇರಿಗೆ ಕೊಡುವ ಬದಲು ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಹಾಕಿದರೆ ಮುಗಿಯಿತು.

ರೌಟರ್ ಪದೇ ಪದೇ ರೀಸ್ಟಾರ್ಟ್ ಆಗುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಅಡಾಪ್ಟರನ್ನು. ಖಾಲಿ ಇದ್ದಾಗ ಮೀಟರಿನಲ್ಲಿ 12 ವೋಲ್ಟ್ ಸರಿಯಾಗಿಯೇ ತೋರಿಸಿ, ಲೋಡ್ ಬಿದ್ದಾಗ ಕುಸಿಯುತ್ತದೆ, ಒಳಗಿನ ಕೆಪಾಸಿಟರ್ ಸೊರಗಿರುತ್ತದೆ. ಬದಲಿ ತರುವಾಗ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬಹುದು, ಪಿನ್ನಿನ ಪ್ಲಸ್–ಮೈನಸ್ ಚಿತ್ರ ಹೊಂದಬೇಕು. ಫೈಬರ್ ಸಿಗ್ನಲ್ ಬರುತ್ತಿಲ್ಲ ಎನ್ನುವ ಎಲ್‌ಒಎಸ್ ದೀಪ ಕೆಂಪಾಗಿದ್ದರೆ ರೌಟರ್ ರಿಸೆಟ್ ಮಾಡಬೇಡಿ. ಲೈನ್ ಎಲ್ಲೋ ತುಂಡಾಗಿದೆ ಇಲ್ಲವೇ ಮಡಚಿದೆ, ಕಂಪನಿಗೆ ದೂರು ಕೊಡುವುದೊಂದೇ ದಾರಿ. ರಿಸೆಟ್ ಮಾಡಿದರೆ ಒಳಗಿನ ಲಾಗಿನ್ ಸೆಟ್ಟಿಂಗೂ ಅಳಿಸಿಹೋಗಿ ಲೈನ್ ಸರಿಯಾದ ಮೇಲೂ ನೆಟ್ ಬರಲಿಕ್ಕಿಲ್ಲ.

ಒಂದು ಗುರುತು ನೆನಪಿಡಿ: 200 ಎಂಬಿಪಿಎಸ್ ಪ್ಲಾನ್ ಇದ್ದು, ಲ್ಯಾನ್‌ನಲ್ಲಿ ಯಾವಾಗ ಅಳೆದರೂ ಸ್ಪೀಡ್ 94ರ ಹತ್ತಿರ ನಿಲ್ಲುತ್ತಿದ್ದರೆ ಅದು ಕಂಪನಿಯ ಮೋಸವಲ್ಲ. ಗಿಗಾಬಿಟ್ ಸಂಪರ್ಕಕ್ಕೆ ಎಂಟೂ ತಂತಿ ಬೇಕು. ಒಂದರ ತುದಿ ಹಸಿರುಗಟ್ಟಿದರೂ ಸಾಧನಗಳು ನಾಲ್ಕೇ ತಂತಿಯ 100 ಎಂಬಿಪಿಎಸ್‌ಗೆ ಇಳಿಯಬಹುದು. (ಹಳೆಯ ರೌಟರಿನ ಪೋರ್ಟೇ 100ರದ್ದಾಗಿದ್ದರೆ ಬೇರೆ ಮಾತು.) ತುದಿ ಕತ್ತರಿಸಿ ಹೊಸ ಜ್ಯಾಕ್ ಹಾಕಿಸಿ. ಬಣ್ಣಗಳ ಸಾಲು ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಸಾಲು. ಹೊರಗೆ ಎಳೆಯುವ ಕೇಬಲಿನಲ್ಲಿ ಸಿಸಿಎ ಎಂದು ಬರೆದದ್ದನ್ನು ತರಬೇಡಿ. ಅದು ಅಲ್ಯೂಮಿನಿಯಮ್ಮಿಗೆ ತಾಮ್ರ ಬಳಿದದ್ದು, ನಮ್ಮ ಹವೆಗೆ ಬಾಳುವುದಿಲ್ಲ.

ಪ್ರಶ್ನೆ ಕೇಳುವ ಹದ

‘ಪಿಸಿ ಆನ್ ಆಗ್ತಾ ಇಲ್ಲ, ಯಾರಾದ್ರೂ ಹೆಲ್ಪ್ ಮಾಡಿ’ ಎಂದರೆ ಬಲ್ಲವರು ಸುಮ್ಮನಿರುತ್ತಾರೆ, ಉಳಿದವರು ಫಾರ್ಮ್ಯಾಟ್ ಮಾಡಿ ಎನ್ನುತ್ತಾರೆ. ಹೀಗೆ ಬರೆದು ನೋಡಿ: ‘ಡೆಸ್ಕ್‌ಟಾಪ್, ಎಚ್410 ಬೋರ್ಡ್, 8 ಜಿಬಿ ಡಿಡಿಆರ್4 ಒಂದೇ ಸ್ಟಿಕ್, ವಿಂಡೋಸ್ 11. ನಿನ್ನೆ ಸಂಜೆ ಕರೆಂಟ್ ಹೋಗಿ ಬಂದ ಮೇಲೆ ಡಿಸ್‌ಪ್ಲೇ ಇಲ್ಲ. ಫ್ಯಾನ್ ತಿರುಗುತ್ತದೆ, ಬೀಪ್ ಇಲ್ಲ. ರ‍್ಯಾಮ್ ಒರೆಸಿ ಇನ್ನೊಂದು ಸ್ಲಾಟಿಗೆ ಹಾಕಿದೆ, ಮಾನಿಟರ್ ಲ್ಯಾಪ್‌ಟಾಪಿಗೆ ಹಾಕಿದರೆ ಬರುತ್ತದೆ.’ ಯಾವಾಗ ಶುರುವಾಯಿತು, ಅದಕ್ಕೆ ಮೊದಲು ಏನಾಯಿತು ಎಂಬ ಎರಡು ಮಾತಿಗೆ ಮಾಡೆಲ್ ನಂಬರಿಗಿಂತಲೂ ಬೆಲೆ ಹೆಚ್ಚು. ವಿಂಡೋಸ್ ಬರುತ್ತಿದ್ದರೆ ಸ್ಟಾರ್ಟ್‌ನಲ್ಲಿ ರಿಲಯಬಿಲಿಟಿ ಹಿಸ್ಟರಿ ಎಂದು ಹುಡುಕಿ. ಯಾವ ದಿನ ಯಾವುದು ಕೈಕೊಟ್ಟಿತೆಂದು ಕೆಂಪು ಗುರುತಿನಲ್ಲಿ ಸಿಗುತ್ತದೆ, ಅದರ ಸ್ಕ್ರೀನ್‌ಶಾಟ್ ಹಾಕಿ. ಎರರ್ ಸಂದೇಶವನ್ನು ನಿಮ್ಮ ಮಾತಿನಲ್ಲಿ ಹೇಳುವುದಕ್ಕಿಂತ ಫೋಟೋ ಒಳ್ಳೆಯದು. ಐಎಂಇಐ, ಸೀರಿಯಲ್ ನಂಬರ್, ಇಮೇಲ್ ಕಾಣದಂತೆ ಮುಚ್ಚಿ.

ಬಂದ ಸಲಹೆಗಳಲ್ಲಿ ಯಾವುದನ್ನು ಮೊದಲು ಮಾಡುವುದು? ಖರ್ಚಿಲ್ಲದ್ದು, ಹಿಂದಕ್ಕೆ ತರಬಹುದಾದದ್ದು ಮೊದಲು. ಡೇಟಾ ಅಳಿಸುವುದು ಕೊನೆಗೆ, ಅದೂ ಬ್ಯಾಕಪ್ ಆದ ಮೇಲೆ. ಒಂದು ಸಲಕ್ಕೆ ಒಂದೇ ಬದಲಾವಣೆ. ರ‍್ಯಾಮ್, ಕೇಬಲ್, ಡ್ರೈವರ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಸರಿಯಾದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ, ಮುಂದಿನ ಮಳೆಗಾಲಕ್ಕೆ ಪುನಃ ಅದೇ ಹುಡುಕಾಟ. ಗುಂಪಿನಲ್ಲಿ ಕೇಳಿದ ಕೂಡಲೇ ಗುರುತಿಲ್ಲದವರು ನೇರ ಮೆಸೇಜ್ ಮಾಡಿ ಎನಿಡೆಸ್ಕ್ (ದೂರದಿಂದಲೇ ನಿಮ್ಮ ಪಿಸಿ, ಫೋನ್ ನಡೆಸಲು ಬಿಡುವ ಆ್ಯಪ್) ಹಾಕಿಕೊಳ್ಳಿ, ಕೋಡ್ ಹೇಳಿ ಎಂದರೆ ಬೇಡ ಎನ್ನಿ. ಸರ್ಚ್‌ನಲ್ಲಿ ಮೇಲೆ ಬರುವ ‘ಕಸ್ಟಮರ್ ಕೇರ್’ ನಂಬರುಗಳಿಗೂ ಇದೇ ಮಾತು. ನಂಬರನ್ನು ಬಿಲ್ಲಿನಿಂದಲೋ ಕಂಪನಿಯ ಸ್ವಂತ ಸೈಟಿನಿಂದಲೋ ತೆಗೆದುಕೊಳ್ಳಿ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.