ಹೆಸರು ಎರಡು, ನೆಟ್‌ವರ್ಕ್ ಒಂದೇ

ಹಾಸನದ ಕಡೆ ಒಂದು ಚಿಕ್ಕ ಲಾಡ್ಜ್. ಕೆಳಗೆ ರಿಸೆಪ್ಷನ್ ಮತ್ತು ಊಟದ ಹಾಲ್, ಮೇಲೆ ಆರು ರೂಮು. ಮಾಲೀಕರು ಕೇಳಿದ್ದು ಇಷ್ಟೇ: "ಸ್ಟಾಫ್‌ಗೆ ಒಂದು ವೈಫೈ, ಬರುವವರಿಗೆ ಒಂದು ವೈಫೈ. ಡಬ್ಬ ಮಾತ್ರ ಒಂದೇ ಇರಲಿ." ಕಂಟ್ರೋಲರ್ ಬೇಡದ, ತಾನೊಂದೇ ಕೆಲಸ ಮಾಡುವ ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಹರಡುವ ಡಬ್ಬ) ಒಂದನ್ನು ಹಾಲ್‌ನ ಸೀಲಿಂಗಿಗೆ ಹಾಕಿದೆ. ಸೆಟ್ಟಿಂಗ್ಸ್ ಪೇಜಿನಲ್ಲಿ ಎರಡು ಹೆಸರು, ಎರಡು ಪಾಸ್‌ವರ್ಡ್ ಕೊಟ್ಟೆ. ಪಕ್ಕದಲ್ಲೇ ವಿಲ್ಯಾನ್ (ಒಂದೇ ವೈರಿಂಗ್ ಮೇಲೆ ನೆಟ್‌ವರ್ಕುಗಳನ್ನು ಬೇರೆ ಮಾಡುವ ನಂಬರ್) ಎಂಬ ಖಾಲಿ ಜಾಗ ಇತ್ತು. ಕಡ್ಡಾಯ ಅಲ್ಲ ಎಂದು ಬಿಟ್ಟೆ. ಎರಡೂ ಹೆಸರು ಫೋನಿನಲ್ಲಿ ಕಂಡವು, ಇಂಟರ್ನೆಟ್ ಬಂತು, ಕೆಲಸ ಮುಗಿಯಿತು ಎಂದುಕೊಂಡು ಹೊರಟೆ.

ಮೂರನೇ ದಿನ ಮಾಲೀಕರು ಖುಷಿಯಿಂದ ಫೋನ್ ಮಾಡಿದರು. ಮೇಲಿನ ರೂಮಿನವರು ಗೆಸ್ಟ್ ವೈಫೈಯಲ್ಲಿ ಇದ್ದುಕೊಂಡೇ ತಮ್ಮ ಫೋನಿನಿಂದ ರೈಲು ಟಿಕೆಟ್ ಪ್ರಿಂಟ್ ಕೊಟ್ಟರಂತೆ. ರಿಸೆಪ್ಷನ್ನಿನ ಪ್ರಿಂಟರಿನಲ್ಲಿ ತಾನಾಗಿ ಬಂತಂತೆ. "ಇಂಥ ಅನುಕೂಲ ಇದೆ ಅಂತ ನೀವು ಹೇಳಲೇ ಇಲ್ವಲ್ಲ" ಎಂದರು. ನನಗೆ ಎದೆ ಧಸಕ್ಕೆಂದಿತು.

ಪ್ರಿಂಟರ್ "ನಾನಿಲ್ಲಿದ್ದೇನೆ" ಎಂದು ತನ್ನ ನೆಟ್‌ವರ್ಕಿನೊಳಗೆ ಕೂಗಿ ಹೇಳುತ್ತಿರುತ್ತದೆ. ಆ ಕೂಗು ಸಾಮಾನ್ಯವಾಗಿ ಅದೇ ನೆಟ್‌ವರ್ಕಿನಲ್ಲಿ ಇರುವವರಿಗಷ್ಟೇ ಕೇಳಿಸುತ್ತದೆ. ಗೆಸ್ಟ್ ಫೋನಿಗೆ ಅದು ಕೇಳಿಸಿತು ಎಂದರೆ, ಆ ಫೋನ್ ಬಿಲ್ಲಿಂಗ್ ಕಂಪ್ಯೂಟರಿನ ಪಕ್ಕದಲ್ಲೇ ಕೂತಿದೆ ಎಂದರ್ಥ. ಆ ಕಂಪ್ಯೂಟರಿನಲ್ಲಿ ಒಂದು ಶೇರ್ಡ್ ಫೋಲ್ಡರ್ ಇತ್ತು. ಅದರಲ್ಲಿ ಉಳಿದುಕೊಂಡವರೆಲ್ಲರ ಆಧಾರ್ ಪ್ರತಿಗಳು. ಅದಕ್ಕೆ ಪಾಸ್‌ವರ್ಡ್ ಇರಲಿಲ್ಲ.

ಬೀದಿ ಬಾಗಿಲು ಎರಡು ಇಟ್ಟೆ, ಬೇರೆ ಬೇರೆ ಬೀಗ ಹಾಕಿದೆ. ಒಳಗೆ ಮಾತ್ರ ಒಂದೇ ಹಜಾರ. ಎಸ್‌ಎಸ್‌ಐಡಿ, ಅಂದರೆ ವೈಫೈ ಹೆಸರು, ಬಾಗಿಲ ಮೇಲಿನ ಬೋರ್ಡ್ ಅಷ್ಟೇ. ಗೋಡೆ ಕಟ್ಟುವುದು ವಿಲ್ಯಾನ್. ನಾನು ಖಾಲಿ ಬಿಟ್ಟಿದ್ದು ಆ ಗೋಡೆಯನ್ನೇ.

ಅಂದೇ ಸಂಜೆ ವಾಪಸ್ ಹೋದೆ. ಮೊದಲು ಆ ಫೋಲ್ಡರಿನ ಶೇರಿಂಗ್ ಬಂದ್ ಮಾಡಿದೆ. ಮುಂದೆ ಕೈಗೆ ಸಿಕ್ಕಿದ್ದು ಕ್ಲೈಂಟ್ ಐಸೊಲೇಷನ್ ಎಂಬ ಟಿಕ್. ಅದನ್ನು ಹಾಕಿದರೆ ಒಂದು ಫೋನಿಗೆ ಇನ್ನೊಂದು ಫೋನ್ ಕಾಣುವುದಿಲ್ಲ. ಆದರೆ ಈ ಪ್ರಿಂಟರ್ ಇದ್ದದ್ದು ಕೇಬಲ್ ಮೇಲೆ. ಟಿಕ್ ಹಾಕಿದ ಮೇಲೂ ಗೆಸ್ಟ್ ಕಡೆಯಿಂದ ಪ್ರಿಂಟರ್ ಸಿಗುತ್ತಲೇ ಇತ್ತು. ಆ ಟಿಕ್ ಬೇಕು, ತೆಗೆಯಬೇಡಿ. ಅದೊಂದೇ ಸಾಲುವುದಿಲ್ಲ.

ಹಾಗಾಗಿ ಸರಿಯಾದ ದಾರಿಗೇ ಬಂದೆ. ಸ್ಟಾಫ್‌ಗೆ ವಿಲ್ಯಾನ್ 10, ಗೆಸ್ಟ್‌ಗೆ ವಿಲ್ಯಾನ್ 20. ಆಕ್ಸೆಸ್ ಪಾಯಿಂಟ್ ಪ್ರತಿ ಫ್ರೇಮಿಗೂ (ಮಾಹಿತಿಯ ತುಣುಕಿಗೂ) 4 ಬೈಟಿನ ಒಂದು ಚೀಟಿ ಅಂಟಿಸಿ ಕೇಬಲ್ಲಿಗೆ ಬಿಡುತ್ತದೆ. 802.1ಕ್ಯೂ ಟ್ಯಾಗ್ ಎನ್ನುವುದು ಅದನ್ನೇ. ಒಂದೇ ಕೇಬಲ್ಲಿನಲ್ಲಿ ಎರಡೂ ಹರಿದರೂ ಚೀಟಿ ನೋಡಿ ಸ್ವಿಚ್ (ಕೇಬಲ್ಲುಗಳನ್ನು ಕೂಡಿಸುವ ಡಬ್ಬ) ಬೇರೆ ಮಾಡುತ್ತದೆ. ಅದಕ್ಕೆ ಸ್ವಿಚ್ಚಿಗೆ ಚೀಟಿ ಓದಲು ಬರಬೇಕು. ಮೆಟ್ಟಿಲ ಕೆಳಗಿದ್ದ ಐದು ಪೋರ್ಟಿನ ಸಾದಾ ಸ್ವಿಚ್ಚಿಗೆ ಬರುತ್ತಿರಲಿಲ್ಲ. ಮರುದಿನ ಚೀಟಿ ಓದಬಲ್ಲ ಮ್ಯಾನೇಜ್ಡ್ ಸ್ವಿಚ್ ಒಂದನ್ನು ತಂದೆ.

ಇಲ್ಲಿ ನಾನು ಮಾಡಿದ ತಪ್ಪನ್ನು ದಯವಿಟ್ಟು ನೀವು ಮಾಡಬೇಡಿ. ಮೊದಲು ಆಕ್ಸೆಸ್ ಪಾಯಿಂಟ್ ಬದಲಾಯಿಸಿದೆ. ಅದರ ಮ್ಯಾನೇಜ್‌ಮೆಂಟ್ ವಿಲ್ಯಾನ್ (ಅದರ ಸೆಟ್ಟಿಂಗ್ಸ್ ಪೇಜಿಗೆ ಹೋಗುವ ದಾರಿ) 10 ಎಂದು ಕೊಟ್ಟು ಸೇವ್ ಒತ್ತಿದೆ. ಸ್ವಿಚ್ಚಿನಲ್ಲಿ ಇನ್ನೂ ವಿಲ್ಯಾನ್ 10 ಹುಟ್ಟಿರಲೇ ಇಲ್ಲ. ಅಲ್ಲಿಗೆ ಆಕ್ಸೆಸ್ ಪಾಯಿಂಟ್ ಕೈತಪ್ಪಿತು. ಏಣಿ ಹತ್ತಿ, ರಿಸೆಟ್ ತೂತಿಗೆ ಪಿನ್ ಚುಚ್ಚಿ, ಮೊದಲಿನಿಂದ ಶುರು. ಊಟದ ಹೊತ್ತು ಬೇರೆ, ಹಾಲ್ ತುಂಬಾ ಜನ. ಅಂದಿನಿಂದ ನನ್ನ ಕ್ರಮ ಇದು: ಮೊದಲು ರೌಟರ್, ಆಮೇಲೆ ಸ್ವಿಚ್, ಆಕ್ಸೆಸ್ ಪಾಯಿಂಟ್ ಕೊನೆಗೆ. ನಾವು ಯಾವ ದಾರಿಯಲ್ಲಿ ಒಳಗೆ ಹೋಗಿದ್ದೇವೋ ಆ ದಾರಿಯನ್ನು ಕೊನೆಯವರೆಗೂ ಮುಟ್ಟಬಾರದು.

ಎರಡನೇ ಸಲ ಎರಡೂ ಹೆಸರು ಬಂದವು. ಸ್ಟಾಫ್ ವೈಫೈ ಸರಿ ಇತ್ತು. ಗೆಸ್ಟ್‌ಗೆ ಸೇರಿದ ಫೋನ್ ಮಾತ್ರ ಐಪಿ ವಿಳಾಸಕ್ಕಾಗಿ ಕಾಯುತ್ತಾ ನಿಂತುಬಿಟ್ಟಿತು. ಲ್ಯಾಪ್‌ಟಾಪಿನಲ್ಲಿ ನೋಡಿದರೆ 169.254 ರಿಂದ ಶುರುವಾಗುವ ವಿಳಾಸ. ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಉತ್ತರ ಬಾರದಾಗ ಕಂಪ್ಯೂಟರ್ ತಾನೇ ಹಾಕಿಕೊಳ್ಳುವ ವಿಳಾಸ ಅದು. ಪಾಸ್‌ವರ್ಡ್ ತಪ್ಪಿರಬಹುದೇ, ಸಿಗ್ನಲ್ ಕಮ್ಮಿಯೇ ಎಂದು ಗಾಳಿಯಲ್ಲಿ ಹುಡುಕುತ್ತಾ ಒಂದು ಗಂಟೆ ಕಳೆದೆ. ಹುಡುಕಬೇಕಾಗಿದ್ದು ವೈರಿನಲ್ಲಿ. ಸ್ವಿಚ್ಚಿನ ಒಂದು ಖಾಲಿ ಪೋರ್ಟನ್ನು ವಿಲ್ಯಾನ್ 20ಕ್ಕೆ ಕೊಟ್ಟು, ಲ್ಯಾಪ್‌ಟಾಪನ್ನು ಕೇಬಲ್ಲಿನಲ್ಲಿ ಸಿಕ್ಕಿಸಿದೆ. ಅಲ್ಲೂ ವಿಳಾಸ ಬರಲಿಲ್ಲ. ಅಂದರೆ ಆಕ್ಸೆಸ್ ಪಾಯಿಂಟಿನದ್ದಲ್ಲ ತಪ್ಪು. ರೌಟರ್ ಕಡೆಗಿನ ಪೋರ್ಟಿಗೆ ವಿಲ್ಯಾನ್ 20 ಸೇರಿಸುವುದನ್ನೇ ಮರೆತಿದ್ದೆ. ಸೇರಿಸಿದೆ, ಎರಡೇ ಸೆಕೆಂಡಿನಲ್ಲಿ ವಿಳಾಸ ಬಂತು. ಈ ಕೇಬಲ್ ಪರೀಕ್ಷೆಯನ್ನು ಈಗ ಪ್ರತಿ ಸೈಟಿನಲ್ಲೂ ವೈಫೈ ಆನ್ ಮಾಡುವ ಮುಂಚೆಯೇ ಮಾಡುತ್ತೇನೆ.

ಇಷ್ಟಾದರೂ ಗೋಡೆ ಪೂರ್ತಿ ಆಗಿರಲಿಲ್ಲ. ಇದನ್ನೇ ನಾನು ಹೊಸ ಹುಡುಗರಿಗೆ ಎಲ್ಲಕ್ಕಿಂತ ಒತ್ತಿ ಹೇಳುವುದು. ಗೆಸ್ಟ್ ವೈಫೈಯಿಂದ ಪ್ರಿಂಟರಿನ ವಿಳಾಸಕ್ಕೆ ಪಿಂಗ್ ಕೊಟ್ಟೆ, ಅಂದರೆ "ಇದ್ದೀಯಾ?" ಎಂದು ಕೇಳಿದೆ. ಉತ್ತರ ಬಂತು! ವಿಲ್ಯಾನ್ ಬೇರೆಯಾಗಿದೆ, ಪ್ರಿಂಟರಿನ ಕೂಗೂ ಈಗ ಕೇಳುತ್ತಿಲ್ಲ, ಆದರೂ ವಿಳಾಸ ಗೊತ್ತಿದ್ದರೆ ಹೋಗಬಹುದು. ಏಕೆಂದರೆ ಎರಡೂ ನೆಟ್‌ವರ್ಕಿಗೆ ರೌಟರ್ ಒಂದೇ. ಎರಡೂ ಕಡೆ ಗೊತ್ತಿರುವ ರೌಟರ್, ಬೇಡ ಎಂದು ಹೇಳದಿದ್ದರೆ, ಇಲ್ಲಿಂದ ಅಲ್ಲಿಗೆ ದಾಟಿಸುತ್ತದೆ. ಅದರ ಕೆಲಸವೇ ಅದು ಅಲ್ವಾ? ಆದ್ದರಿಂದ ರೌಟರಿನಲ್ಲಿ ಏನನ್ನು ಬಿಡಬೇಕು, ಏನನ್ನು ತಡೆಯಬೇಕು ಎಂಬ ಫೈರ್‌ವಾಲ್ ನಿಯಮ ಬೇಕು. ಗೆಸ್ಟ್ ಕಡೆಯಿಂದ ರೌಟರಿಗೆ ಡಿಎಚ್‌ಸಿಪಿ, ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವುದು) ಮಾತ್ರ ಬಿಡು. ಆಮೇಲೆ 10, 172.16 ರಿಂದ 172.31, 192.168 ರಿಂದ ಶುರುವಾಗುವ ಖಾಸಗಿ (ಒಳ ನೆಟ್‌ವರ್ಕಿನ) ವಿಳಾಸಗಳನ್ನೆಲ್ಲ ತಡೆ. ಉಳಿದದ್ದು ಇಂಟರ್ನೆಟ್, ಅದನ್ನು ಬಿಡು. ಈ ಸಾಲು ಇದೇ ಕ್ರಮದಲ್ಲಿರಬೇಕು. ಮೊದಲ ಎರಡು ಅದಲು ಬದಲಾದರೆ ಹೆಸರು ಹುಡುಕುವುದೇ ನಿಂತು "ನೆಟ್ ಇಲ್ಲ" ಎಂಬ ದೂರು ಬರುತ್ತದೆ. ಇನ್ನೊಂದು ಲಾಭ: ಗೆಸ್ಟ್ ವೈಫೈಯಿಂದ ರೌಟರಿನ ಲಾಗಿನ್ ಪೇಜ್ ಕೂಡ ತೆರೆಯುವುದಿಲ್ಲ.

ಒಂದೇ ಡಬ್ಬದಲ್ಲಿ ಎರಡು ಹೆಸರು ಬರುತ್ತದೆ ಎಂದು ತಿಳಿದ ಮೇಲೆ ಮಾಲೀಕರಿಗೆ ಆಸೆ ಹೆಚ್ಚಾಯಿತು. ಅಡುಗೆಮನೆಗೆ ಒಂದು, ಕ್ಯಾಮೆರಾಗೆ ಒಂದು, ಮನೆಯವರಿಗೆ ಒಂದು. ನಾನು ಬೇಡ ಎಂದೆ, ಕಾರಣವನ್ನೂ ಕೂತು ವಿವರಿಸಿದೆ. ಪ್ರತಿ ಹೆಸರೂ ಸೆಕೆಂಡಿಗೆ ಸುಮಾರು 10 ಸಲ ತನ್ನನ್ನು ಸಾರಿಕೊಳ್ಳುತ್ತದೆ. ಅದಕ್ಕೆ ಬೀಕನ್ ಎನ್ನುತ್ತಾರೆ. 2.4 ಗಿಗಾಹರ್ಟ್ಸ್‌ನಲ್ಲಿ ಅತಿ ಕಡಿಮೆ ವೇಗವನ್ನು 1 ಎಂಬಿಪಿಎಸ್‌ಗೆ (ಸೆಕೆಂಡಿಗೆ 10 ಲಕ್ಷ ಬಿಟ್) ಬಿಟ್ಟಿದ್ದರೆ, 300 ಬೈಟಿನ ಬೀಕನ್ ಒಂದಕ್ಕೆ 2.4 ಮಿಲಿಸೆಕೆಂಡ್ ಹಿಡಿಯುತ್ತದೆ. ಅಂದರೆ ಒಂದು ಹೆಸರಿಗೆ ಶೇಕಡ 2.4 ರಷ್ಟು ಸಮಯ. ಐದು ಹೆಸರಿಗೆ ಶೇಕಡ 12. ಯಾರೂ ಒಂದು ಫೋಟೋ ಕೂಡ ಕಳಿಸದೆ ಇರುವಾಗಲೇ ಇಷ್ಟು ಖರ್ಚು. ಪಕ್ಕದ ಅಂಗಡಿಯ ವೈಫೈ ಅದೇ ಚಾನೆಲ್ಲಿನಲ್ಲಿದ್ದರೆ ಅದರ ಬೀಕನ್ನುಗಳೂ ಸೇರುತ್ತವೆ. ಕಡಿಮೆ ವೇಗಗಳನ್ನು ತೆಗೆದರೆ ಈ ಖರ್ಚು ತುಂಬಾ ಇಳಿಯುತ್ತದೆ. ಅಲ್ಲಿ ಬಹಳ ಹಳೆಯ ಉಪಕರಣ ಯಾವುದೂ ಇರಲಿಲ್ಲ, ಹಾಗಾಗಿ ತೆಗೆದೆ. ಕ್ಯಾಮೆರಾಗಳನ್ನು ಕೇಬಲ್ಲಿಗೆ ಹಾಕಿಸಿದೆ. ಕಾರ್ಡ್ ಸ್ವೈಪ್ ಮಾಡುವ ಮಷೀನ್ ಸ್ಟಾಫ್ ವೈಫೈಯಲ್ಲೇ ಉಳಿಯಿತು. ಹೆಸರು ಎರಡೇ ಸಾಕಾದವು.

ಗೆಸ್ಟ್ ಹೆಸರನ್ನು ಕನ್ನಡದಲ್ಲೇ ಇಡೋಣ ಎಂದು ಅವರು ಹೇಳಿದ್ದು ನನಗೆ ತುಂಬಾ ಇಷ್ಟವಾಯಿತು. ಎಸ್‌ಎಸ್‌ಐಡಿಗೆ 32 ಬೈಟ್ ಮಿತಿ. ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಕನ್ನಡದ ಅಕ್ಷರ, ಗುಣಿತದ ಚಿಹ್ನೆ, ಒತ್ತಿನ ಚಿಹ್ನೆ ಪ್ರತಿಯೊಂದಕ್ಕೂ 3 ಬೈಟ್ ಬೇಕು. ಲಾಡ್ಜಿನ ಪೂರ್ತಿ ಹೆಸರು ಹಿಡಿಸಲಿಲ್ಲ. "ಅತಿಥಿ" ಎಂದರೆ 15 ಬೈಟ್, ಆರಾಮಾಗಿ ಕೂತಿತು.

ಹೊರಡುವ ಮುಂಚೆ ಮಾಲೀಕರನ್ನೇ ಪಕ್ಕಕ್ಕೆ ಕೂರಿಸಿಕೊಂಡೆ. "ಅತಿಥಿ"ಗೆ ಅವರ ಫೋನ್ ಸೇರಿಸಿ, ಪ್ರಿಂಟರ್ ಹುಡುಕಿಸಿದೆ. ಸಿಗಲಿಲ್ಲ. ಅವರ ಮುಖ ಸ್ವಲ್ಪ ಸಪ್ಪೆಯಾಯಿತು. ಆಗ ಆಧಾರ್ ಪ್ರತಿಗಳ ಆ ಫೋಲ್ಡರ್ ತೆರೆದು ತೋರಿಸಿ, ಮೂರು ದಿನ ಇದು ಬಂದವರೆಲ್ಲರಿಗೂ ತೆರೆದೇ ಇತ್ತು, ತಪ್ಪು ನನ್ನದು ಎಂದೆ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ ರಿಸೆಪ್ಷನ್ ಹುಡುಗನನ್ನು ಕರೆದು ಹೇಳಿದರು: "ಇನ್ನು ಮೇಲೆ ಯಾರಿಗಾದರೂ ಪ್ರಿಂಟ್ ಬೇಕಂದ್ರೆ ನಮ್ಮ ಮೇಲ್‌ಗೆ ಕಳಿಸೋಕೆ ಹೇಳು, ನೀನೇ ತೆಗೆದುಕೊಡು."