ಜಗಲಿ ಓದು: ಜೂನ್‌ನಿಂದ ಇಲ್ಲಿಯವರೆಗೆ

ಜೂನ್

ಭಾನುವಾರ ಸಂಜೆ ನಮ್ಮ ಮನೆ ಜಗಲಿ ಮೇಲೆ ಚಿತ್ರಪುಸ್ತಕ ಗಟ್ಟಿಯಾಗಿ ಓದುವ ಕೆಲಸ ಹಚ್ಚಿಕೊಂಡಿದ್ದೇನೆ. ಊರು ದಾವಣಗೆರೆ, ವಿನೋಬನಗರದ ಒಂದು ಅಡ್ಡರಸ್ತೆ. ಬರುವವರು ಮೂರರಿಂದ ಆರು ವರ್ಷದ ಮಕ್ಕಳು, ಜೊತೆಗೆ ಅವರನ್ನು ಕರೆತರುವ ಅಜ್ಜಿಯರು. ಅಪ್ಪಂದಿರು ಗೇಟ್ ತನಕ ಬಂದು ಫೋನ್ ನೋಡುತ್ತ ನಿಲ್ಲುತ್ತಾರೆ. ಯಾವ ಪುಸ್ತಕ ಹಿಡಿಸಿತು, ಯಾವುದಕ್ಕೆ ಮಕ್ಕಳು ಎದ್ದು ಓಡಿದರು ಅಂತ ಬರೆದಿಡುತ್ತಿದ್ದೇನೆ. ಯಾರಿಗಾದರೂ ಉಪಯೋಗ ಆದೀತು.

ಪುಸ್ತಕ ಆರಿಸೋಕೆ ನನ್ನದು ಒಂದೇ ಪರೀಕ್ಷೆ. ಅಡುಗೆಮನೆಯಲ್ಲಿ ನಿಂತು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಾಯಿಬಿಟ್ಟು ಓದುತ್ತೇನೆ. ಉಸಿರು ಸಾಲದಷ್ಟು ಉದ್ದದ ವಾಕ್ಯ ಬಂತಾ, ಅದು ಜಗಲಿಗೆ ಬರುವುದಿಲ್ಲ. ಅಂಗಡಿಯಲ್ಲಿ ಮಕ್ಕಳ ಪುಸ್ತಕ ಅಂತ ಕೊಡುವ ಎಷ್ಟೋ ಪುಸ್ತಕ ಇಲ್ಲೇ ಹೊರಗುಳಿಯುತ್ತವೆ. ನೂರಾರು ನೀತಿಕತೆ ತುಂಬಿದ ದಪ್ಪ ಪುಸ್ತಕ ಇರುತ್ತಲ್ಲ, ಅದನ್ನಂತೂ ಕೊಳ್ಳಲೇಬೇಡಿ. ಪುಟದ ಮೂಲೆಯಲ್ಲಿ ಬೆರಳುಗಾತ್ರದ ನರಿ, ಉಳಿದದ್ದೆಲ್ಲ ಅಕ್ಷರ. ಹಿಂದಿನ ಸಾಲಿನ ಮಗುವಿಗೆ ಏನೂ ಕಾಣುವುದಿಲ್ಲ. ಗುಂಡಿ ಒತ್ತಿದರೆ ಹಾಡುವ ಪುಸ್ತಕ ಇನ್ನೂ ಕಷ್ಟ. ಮಕ್ಕಳು ಗುಂಡಿಗಾಗಿ ಜಗಳ ಆಡುತ್ತಾರೆ, ಕತೆ ಯಾರಿಗೂ ಬೇಡ.

ಮೊದಲ ವಾರವೇ ಗೆದ್ದದ್ದು 'ಗಜಪತಿ ಕುಲಪತಿ'. ಚೆನ್ನೈನ ತೂಲಿಕಾ ಪ್ರಕಾಶನದ್ದು. ಬರೆದವರೂ ಚಿತ್ರ ಬಿಡಿಸಿದವರೂ ಅಶೋಕ್ ರಾಜಗೋಪಾಲನ್. ದೊಡ್ಡ ಆನೆಗೆ ನೆಗಡಿ ಆಗುತ್ತದೆ, ಸೀನು ಬರುತ್ತದೆ. ಅಷ್ಟೇ ಕತೆ. ಆದರೆ ಹೆಸರೇ ಬಾಯಲ್ಲಿ ಕುಣಿಯುತ್ತದೆ. ಎರಡನೇ ಸಲ ಓದುವಾಗ ನಾನು ಸೀನುವ ಹಾಗೇ ಇರಲಿಲ್ಲ, ಆ ಕೆಲಸ ಮಕ್ಕಳು ಕಿತ್ತುಕೊಂಡರು. ಮೂರು ವರ್ಷದ ಒಬ್ಬಳು ಮಾತೇ ಆಡದವಳು, ಸೀನುವಾಗ ಮಾತ್ರ ಎಲ್ಲರಿಗಿಂತ ಜೋರು.

ಜುಲೈ

ಪುಸ್ತಕದ ಖರ್ಚಿನ ಮಾತು. ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಿಂದ ಕಡಿಮೆ ಬೆಲೆಗೆ ಚಿತ್ರಪುಸ್ತಕ ಮಾಡುತ್ತಿದೆ. ಅವರೇ 2015ರಲ್ಲಿ ಸ್ಟೋರಿವೀವರ್ ಅಂತ ಜಾಲತಾಣ ಶುರು ಮಾಡಿದರು. ಕನ್ನಡದ ಕತೆಗಳು ಅಲ್ಲಿ ಬೇಕಾದಷ್ಟಿವೆ, ಪುಕ್ಕಟೆ. ಮುಕ್ತ ಪರವಾನಗಿ ಇರುವುದರಿಂದ ಇಳಿಸಿಕೊಂಡು ಮುದ್ರಿಸಬಹುದು, ಹಂಚಲೂಬಹುದು. ಬರೆದವರ, ಚಿತ್ರ ಬಿಡಿಸಿದವರ, ಅನುವಾದ ಮಾಡಿದವರ ಹೆಸರು ಇರಬೇಕು. ಕೊನೆಯಲ್ಲಿ ಆ ವಿವರದ ಪುಟ ಇರುತ್ತದೆ. ದುಡ್ಡು ಉಳಿಸೋಕೆ ಅಂತ ಅದನ್ನು ಕಿತ್ತುಹಾಕಬೇಡಿ.

ಅಲ್ಲಿ ಕತೆಗಳಿಗೆ ನಾಲ್ಕು ಹಂತ ಮಾಡಿದ್ದಾರೆ. ಮೊದಲನೆಯದು ಸುಮಾರು 250 ಪದದೊಳಗೆ, ಎರಡನೆಯದು 600ರವರೆಗೆ. ಈ ಹಂತ ಮಗು ತಾನೇ ಓದುವುದಕ್ಕೆ. ನಾವು ಓದಿ ಹೇಳುವಾಗ ಒಂದು ಹಂತ ಮೇಲಿನದನ್ನು ಧೈರ್ಯವಾಗಿ ತಗೊಳ್ಳಬಹುದು. ಮಗುವಿನ ಕಿವಿ ಕಣ್ಣಿಗಿಂತ ಮುಂದೆ ಇರುತ್ತದೆ.

ಇನ್ನು ಮುದ್ರಣ. ಇದರಲ್ಲಿ ನನಗೆ ಕತೆಗಿಂತ ಜಾಸ್ತಿ ಹುಚ್ಚು ಹಿಡಿದಿದೆ ಅಂತ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದೇನೆ. ಝೆರಾಕ್ಸ್ ಅಂಗಡಿಯಲ್ಲಿ ಕೊಟ್ಟರೆ ಮೊದಲು ಕೇಳುವುದೇ 'ಸ್ಪೈರಲ್ ಹಾಕಲಾ ಮೇಡಂ?' ಅಂತ. ಬೇಡ. ಚಿತ್ರಪುಸ್ತಕದಲ್ಲಿ ಎಷ್ಟೋ ಚಿತ್ರ ಎರಡು ಪುಟಕ್ಕೆ ಹರಡಿಕೊಂಡಿರುತ್ತದೆ. ಸ್ಪೈರಲ್ ಹಾಕಿದರೆ ಆನೆಯ ಹೊಟ್ಟೆಯಲ್ಲೇ ತೂತಿನ ಸಾಲು. ಹಾಳೆಯನ್ನು ನಡುವೆ ಮಡಚಿ ಬೆನ್ನಿಗೆ ಪಿನ್ ಹೊಡೆಯಬೇಕು. ಅದಕ್ಕೆ ಉದ್ದ ಕತ್ತಿನ ಸ್ಟೇಪ್ಲರ್ ಬೇಕು, ಮದುವೆ ಕಾರ್ಡ್ ಮಾಡುವ ಅಂಗಡಿಯಲ್ಲಿ ಕೇಳಿದರೆ ಹೊಡೆದುಕೊಡುತ್ತಾರೆ. ಒಂದು ಹಾಳೆ ಮಡಚಿದರೆ ನಾಲ್ಕು ಪುಟ, ಹಾಗಾಗಿ ಪುಟಗಳ ಸಂಖ್ಯೆ ನಾಲ್ಕರ ಮಗ್ಗಿಯಲ್ಲಿ ಬರಬೇಕು. ಅಚ್ಚಾದ ಚಿತ್ರಪುಸ್ತಕಗಳಲ್ಲಿ 32 ಪುಟ ಅಷ್ಟು ಸಾಮಾನ್ಯ ಯಾಕೆ ಅನ್ನುವುದಕ್ಕೂ ಇದೇ ಉತ್ತರ: ಪ್ರೆಸ್ಸಿನ ದೊಡ್ಡ ಹಾಳೆ ಮಡಚಿದಾಗ ಹದಿನಾರರ ಲೆಕ್ಕದಲ್ಲಿ ಪುಟ ಸಿಗುತ್ತದೆ.

ಕಲರ್ ಪ್ರಿಂಟ್ ಅಗ್ಗ ಅಲ್ಲ, ನೆನಪಿರಲಿ. ಅಚ್ಚಾಗಿ ಸಿಗುವ ಪುಸ್ತಕವನ್ನು ಕೊಂಡುಬಿಡುವುದೇ ವಾಸಿ. ಸಿಗದದ್ದನ್ನು ಮಾತ್ರ ನಾನು ಮುದ್ರಿಸುತ್ತೇನೆ.

ಈ ತಿಂಗಳ ಜೋರು ಪುಸ್ತಕ ಶೃಂಗೇರಿ ಶ್ರೀನಿವಾಸನದು. ವರ್ಷಕ್ಕೊಮ್ಮೆ ಕೂದಲು ಕತ್ತರಿಸಿಕೊಳ್ಳುವ ಆಸಾಮಿ, ಆದರೆ ಆ ದಿನ ಯಾರಿಗೂ ಪುರುಸೊತ್ತಿಲ್ಲ. ಬರೆದವರು ರೋಹಿಣಿ ನಿಲೇಕಣಿ. ಪ್ರತಿ ಮನೆ ಬಾಗಿಲಲ್ಲೂ ಅವನಿಗೆ 'ಆಗಲ್ಲ' ಅನ್ನೋಕೆ ನಮ್ಮ ಜಗಲಿಗೆ ಜಗಲಿಯೇ ಕಾಯುತ್ತದೆ.

ಶ್ರಾವಣ

ಅಜ್ಜಿಯರ ಕಾಟ ಶುರುವಾಗಿದೆ. ಪ್ರೀತಿಯ ಕಾಟ. ಪುಟ ತಿರುವಿದ ಕೂಡಲೇ ಒಬ್ಬರು, 'ಏ ತಮ್ಮಾ, ಇದು ಯಾವ ಬಣ್ಣ ಹೇಳು? ಎಷ್ಟು ಕೋಳಿ ಅದಾವ ಎಣಿಸು' ಅನ್ನುತ್ತಾರೆ. ತಮ್ಮನ ಮುಖ ಸಣ್ಣದಾಗುತ್ತದೆ. ಕತೆ ಮುಗಿದರೆ ಇನ್ನೊಬ್ಬರು, 'ಏನವ್ವಾ, ಇದರಾಗೆ ನೀತಿ ಏನು ಅಂತ ಹೇಳಲೇ ಇಲ್ಲ?'

'ಆನೆಗೆ ನೆಗಡಿ ಆಯ್ತು ಅನ್ನೋದ್ರಲ್ಲಿ ನೀತಿ ಎಲ್ಲಿಂದ ತರ್ಲಿ ಅಜ್ಜಿ?'

'ಮಳ್ಯಾಗೆ ನೆನೀಬಾರ್ದು ಅಂತ ಹೇಳು.'

ಅದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ.

ಪ್ರಶ್ನೆ ಕೇಳಬಾರದು ಅಂತಲ್ಲ. 1988ರಲ್ಲಿ ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಗಾರರು ಎರಡು ವರ್ಷದ ಆಸುಪಾಸಿನ ಮಕ್ಕಳ ಅಪ್ಪ-ಅಮ್ಮಂದಿರಿಗೆ ಚಿತ್ರಪುಸ್ತಕ ಓದುವ ಬೇರೆ ರೀತಿಯೊಂದನ್ನು ಕಲಿಸಿ ನೋಡಿದರು. ಹೌದು-ಅಲ್ಲ ಅಂತ ಮುಗಿಯುವ ಪ್ರಶ್ನೆ ಬಿಟ್ಟು ಮಗು ಬಿಡಿಸಿ ಹೇಳುವಂಥದ್ದನ್ನು ಕೇಳುವುದು, ಮಗು ಹೇಳಿದ್ದಕ್ಕೆ ಇನ್ನೊಂದು ಮಾತು ಸೇರಿಸಿ ಮರಳಿಸುವುದು. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು, ಸುಮ್ನೆ ಓದಿಸಿಕೊಂಡ ಮಕ್ಕಳಿಗಿಂತ ಮುಂದೆ ಹೋಗಿತ್ತು. ಜಗಲಿಯಲ್ಲಿ ಅದು ಹೀಗೆ ನಡೆಯುತ್ತದೆ. ಮಗು 'ನಾಯಿ' ಅಂದರೆ ನಾನು 'ಹೌದು, ಒದ್ದೆ ಆದ ನಾಯಿ. ಎಲ್ಲಿಗೆ ಓಡ್ತಿದೆ?' ಅನ್ನುತ್ತೇನೆ. ಉತ್ತರ ಬರದಿದ್ದರೆ ಒತ್ತಾಯ ಇಲ್ಲ, ಪುಟ ತಿರುಗುತ್ತದೆ.

ಅಜ್ಜಿಯರನ್ನು ಬದಲಿಸುವುದಕ್ಕಿಂತ ಪುಸ್ತಕ ಬದಲಿಸುವುದು ಸುಲಭ ಅನ್ನಿಸಿತು. ಹಾಗಾಗಿ ಪ್ಯಾಟ್ ಹಚಿನ್ಸ್ ಅವರ 'ರೋಸೀಸ್ ವಾಕ್' ತಂದೆ. 1968ರದ್ದು. ಇಡೀ ಪುಸ್ತಕದಲ್ಲಿ ಇರುವುದು ಒಂದೇ ಒಂದು ಇಂಗ್ಲಿಷ್ ವಾಕ್ಯ, ಅದನ್ನು ನಮ್ಮ ಮಾತಿನಲ್ಲೇ ಹೇಳಿದರಾಯ್ತು. ಕೋಳಿ ಅಂಗಳ ದಾಟಿತು, ಕೊಳ ಸುತ್ತಿತು, ಹುಲ್ಲಿನ ರಾಶಿ ಹತ್ತಿ ಇಳಿಯಿತು. ಬೆನ್ನ ಹಿಂದೆ ನರಿ ಬರುತ್ತಿದೆ, ಹೆಜ್ಜೆಗೊಮ್ಮೆ ಬೀಳುತ್ತಿದೆ. ಆದರೆ ಬರಹದಲ್ಲಿ ನರಿಯ ಸುದ್ದಿಯೇ ಇಲ್ಲ! ನಾನು ಏನೂ ಗೊತ್ತಿಲ್ಲದವಳ ಹಾಗೆ ಓದುತ್ತ ಹೋದೆ. 'ಆಂಟಿ, ಹಿಂದೆ ನೋಡ್ರಿ, ನರಿ!' ಅಂತ ಮಕ್ಕಳು ಕೂಗಿದರು. ಬಣ್ಣ ಕೇಳುತ್ತಿದ್ದ ಅಜ್ಜಿಯೂ ಕೂಗಿದರು. ಆ ದಿನ ಯಾರೂ ಏನನ್ನೂ ಎಣಿಸಲಿಲ್ಲ.

ನನ್ನ ಶಿಫಾರಸು ಈಗ ಇಷ್ಟೇ: ಚಿತ್ರಕ್ಕೆ ಗೊತ್ತಿರುವುದು ಬರಹಕ್ಕೆ ಗೊತ್ತಿರದ ಪುಸ್ತಕ ಸಿಕ್ಕರೆ ಬಿಡಬೇಡಿ. ಎರಡೂ ಒಂದನ್ನೇ ಹೇಳುತ್ತಿದ್ದರೆ ಮಗುವಿಗೆ ಹೇಳೋಕೆ ಏನೂ ಉಳಿಯುವುದಿಲ್ಲ.

ರಾಜೀವ್ ಐಪ್ ಅವರ ಅಮ್ಮಚ್ಚಿಯ ಯಂತ್ರಗಳ ಪುಸ್ತಕವನ್ನೂ ಓದಿದೆವು. ಮೊಮ್ಮಗ, ಅಜ್ಜಿ ಸೇರಿ ಕೊಬ್ಬರಿ ಬರ್ಫಿ ಮಾಡುವ ಕತೆ, ನಡುನಡುವೆ ಸನ್ನೆಕೋಲು, ರಾಟೆ ಎಲ್ಲ ಬರುತ್ತವೆ. ನಮ್ಮ ಬೀದಿ ಮಕ್ಕಳು ಬಾವಿ ರಾಟೆ ಕಂಡವರಲ್ಲ. ಆದರೆ ಎದುರುಗಡೆ ಕಟ್ಟುತ್ತಿರುವ ಮನೆಯಲ್ಲಿ ಸಿಮೆಂಟ್ ಪುಟ್ಟಿ ಮೇಲೆ ಹೋಗುವುದನ್ನು ದಿನಾ ನೋಡುತ್ತಾರೆ. ಓದು ನಿಂತಿತು, ಎಲ್ಲರೂ ಗೇಟ್ ಹತ್ತಿರ ಹೋದೆವು.

ದಸರಾ ರಜೆ

ಪುಸ್ತಕದ ಚೀಲ ಹಿಡಿದು ಜಗಳೂರು ತಾಲ್ಲೂಕಿನ ನಮ್ಮತ್ತೆ ಊರಿಗೆ ಹೋಗಿದ್ದೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯ ಇರುವುದನ್ನು ನಾವು ಪೇಟೆಯವರು ಮರೆಯುತ್ತೇವೆ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. 2020ರಲ್ಲಿ ಬಂದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ ಮಾಡಿದ್ದಾರೆ. ನಿಮ್ಮ ಊರಲ್ಲಿದ್ದರೆ ಮೊದಲು ಅಲ್ಲಿ ಹೋಗಿ ನೋಡಿ, ಆಮೇಲೆ ಅಂಗಡಿ.

ಅಲ್ಲಿ ಜಿಂಕೆಯ ಚಿತ್ರ ತೋರಿಸಿದೆ. ಒಬ್ಬ ಹುಡುಗ 'ಕೊಂಡುಕುರಿ' ಅಂದ. ಜಿಂಕೆಯ ಹಾಗೆ ಕಾಣುವ, ನಾಲ್ಕು ಕೊಂಬಿನ ಕಾಡುಪ್ರಾಣಿ ಅದು. ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯ ಇರುವುದು ಅವನ ತಾಲ್ಲೂಕಿನಲ್ಲೇ. ನಾಲ್ಕು ಕೊಂಬು ಎಲ್ಲಿ ಅಂತ ಅವನು ಚಿತ್ರದಲ್ಲಿ ಹುಡುಕುತ್ತಿದ್ದ. ಚೀಲದಲ್ಲಿ ಅವನಿಗೆ ಕೊಡುವಂಥ ಪುಸ್ತಕ ಇರಲಿಲ್ಲ. ಹುಲಿ, ಆನೆ, ಸಮುದ್ರ, ತೆಂಗಿನ ಮರ ಎಲ್ಲ ಇತ್ತು. ಮೆಕ್ಕೆಜೋಳದ ಹೊಲ ಇರುವ ಪುಸ್ತಕ ಒಂದೂ ಇರಲಿಲ್ಲ.

ನವೆಂಬರ್

ಅದಕ್ಕೇ ಒಂದನ್ನು ನಾವೇ ಮಾಡುತ್ತಿದ್ದೇವೆ. ವಿಷಯ ಮಂಡಕ್ಕಿ ಭಟ್ಟಿ. ದಾವಣಗೆರೆಯಲ್ಲಿ ಇದಕ್ಕಿಂತ ಬೇರೆ ಏನು ಬರಲು ಸಾಧ್ಯ, ಅಲ್ವಾ? ಚಿತ್ರ ಬಿಡಿಸುತ್ತಿರುವವಳು ಪಕ್ಕದ ಮನೆಯ ಪಿಯುಸಿ ಹುಡುಗಿ. ಬರಹ ನನ್ನದು, ಪುಟಕ್ಕೆ ಒಂದೇ ಸಾಲು. ಭಟ್ಟಿಯವರು ಒಳಗೆ ಬಿಟ್ಟುಕೊಂಡರು. ಬಿಸಿ, ಹೊಗೆ, ಮಾತು ಕೇಳಿಸದಷ್ಟು ಸದ್ದು. ಉಪ್ಪುನೀರು ಹಾಕಿದ ಅಕ್ಕಿಯನ್ನು ಕಾದ ಮರಳಿಗೆ ಸುರಿದ ಕೂಡಲೇ ಅರಳಿಬಿಡುತ್ತದೆ. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಬರಹದಲ್ಲಿ ಎಲ್ಲೂ ಇರದ ಒಂದು ಬೆಕ್ಕನ್ನು ಹುಡುಗಿ ಪ್ರತಿ ಪುಟದಲ್ಲೂ ಬಿಡಿಸಿದ್ದಾಳೆ. ಮಕ್ಕಳು ಹುಡುಕಲಿ.

ಪುಸ್ತಕ 16 ಪುಟದ್ದು. ಅರಳುವ ಚಿತ್ರ ಎರಡು ಪುಟ ತುಂಬ ಬೇಕು. ಪಿನ್ ಹೊಡೆದ ಪುಸ್ತಕದಲ್ಲಿ ಎದುರುಬದುರಿನ ಎರಡೂ ಪುಟ ಒಂದೇ ಹಾಳೆಯಲ್ಲಿ ಸಿಗುವುದು ನಟ್ಟನಡುವೆ ಮಾತ್ರ, ಅಂದರೆ 8 ಮತ್ತು 9. ಬೇರೆಲ್ಲಿ ಹಾಕಿದರೂ ಝೆರಾಕ್ಸ್ ಅಂಗಡಿಯಲ್ಲಿ ಎರಡು ಅರ್ಧ ಸರಿಯಾಗಿ ಕೂಡುವುದಿಲ್ಲ. ನಮ್ಮ ಕರಡಿನಲ್ಲಿ ಸದ್ಯಕ್ಕೆ ಅದು 6 ಮತ್ತು 7ಕ್ಕೆ ಬಂದು ಕೂತಿದೆ. ಅದಕ್ಕೂ ಮೊದಲು ಇನ್ನೆರಡು ಪುಟ ಸೇರಬೇಕು. ಒಂದರಲ್ಲಿ ಭತ್ತ ನೆನೆಸುವುದು ಅಂತ ತೀರ್ಮಾನ ಆಗಿದೆ. ಇನ್ನೊಂದಕ್ಕೆ ಹುಡುಗಿ ಬರೀ ಬೆಕ್ಕು ಸಾಕು ಅನ್ನುತ್ತಿದ್ದಾಳೆ, ನಾನಿನ್ನೂ ಒಪ್ಪಿಲ್ಲ.